ಚೀಟಿಯ ಮೇಲೆ 'ಸಾವಯವ' ಎಂದು ಬರೆಯುವ ಮುನ್ನ



ಬನ್ನೇರುಘಟ್ಟ ರಸ್ತೆಯ ಗೊಟ್ಟಿಗೆರೆಯಿಂದ ಗೃಹಿಣಿಯೊಬ್ಬರು ಕೇಳಿದ್ದಾರೆ: "ಪರಿಚಯದ ರೈತರು ಕೊಟ್ಟಿಗೆ ಗೊಬ್ಬರ ಹಾಕಿ ಬೆಳೆದ ರಾಗಿ ತಂದು, ಹುರಿಹಿಟ್ಟು ಮಾಡಿ ಮಾರುತ್ತೇನೆ. 'ಸಾವಯವ' ಅಂತ ಚೀಟಿ ಅಂಟಿಸಿದರೆ ಬೇಗ ಖರ್ಚಾಗುತ್ತೆ ಅಂತಾರೆ ಅಂಗಡಿಯವರು. ಬರೆಯಬಹುದೇ?"

ಸದ್ಯಕ್ಕೆ ಬೇಡ, ತಂಗಿ. ನಿಮ್ಮ ರಾಗಿ ಒಳ್ಳೆಯದೇ ಇರಬಹುದು. ಆದರೆ ಆ ಪದಕ್ಕೆ ಈಗ ಕಾನೂನಿನ ಕಾವಲಿದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2017ರಲ್ಲಿ ಮಾಡಿದ ಸಾವಯವ ಆಹಾರದ ನಿಯಮಗಳು 2018ರ ಜುಲೈ 1ರಿಂದ ಜಾರಿಯಲ್ಲಿವೆ. ಪ್ರಮಾಣಪತ್ರವಿಲ್ಲದೆ ಪೊಟ್ಟಣದ ಮೇಲೆ ಹಾಗೆ ಬರೆದು ಅಂಗಡಿಗೆ ಕೊಡುವಂತಿಲ್ಲ.

"ರೈತರು ಹಾಗೇ ಮಾರುತ್ತಾರಲ್ಲ?" ಎನ್ನುತ್ತೀರಿ. ನಿಜ. ಸಣ್ಣ ರೈತರು ತಾವು ಬೆಳೆದದ್ದನ್ನು ತಿನ್ನುವವರ ಕೈಗೇ ನೇರವಾಗಿ ಮಾರಿದರೆ ಅವರಿಗೆ ವಿನಾಯಿತಿ ಉಂಟು. 'ಜೈವಿಕ್ ಭಾರತ್' ಗುರುತು ಮಾತ್ರ ಹಾಕುವಂತಿಲ್ಲ. ಆ ವಿನಾಯಿತಿ ಬೆಳೆದವರಿಗೆ. ಕೊಂಡು, ಹುರಿದು, ಬೀಸಿ ಮಾರುವ ನಮಗಲ್ಲ.

ಪ್ರಮಾಣಪತ್ರಕ್ಕೆ ಎರಡು ದಾರಿಗಳಿವೆ. ಒಂದು, ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ್ದು. ಇದರಲ್ಲಿ ಮಾನ್ಯತೆ ಪಡೆದ ಸಂಸ್ಥೆಯವರು ಬಂದು ಹೊಲ, ಗೋದಾಮು, ಗಿರಣಿ ಎಲ್ಲ ನೋಡುತ್ತಾರೆ. ನಮ್ಮ ರಾಜ್ಯದ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆ ಬೆಂಗಳೂರಿನಲ್ಲೇ ಇದೆ. ಇನ್ನೊಂದು, ಪಿಜಿಎಸ್ ಪದ್ಧತಿ. ಅಕ್ಕಪಕ್ಕದ ಕನಿಷ್ಠ 5 ಮಂದಿ ರೈತರು ಗುಂಪು ಕಟ್ಟಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ಪರೀಕ್ಷಿಸುತ್ತಾರೆ. ಖರ್ಚು ಕಡಿಮೆ. ನಿಮ್ಮ ರೈತರ ಕಿವಿಗೆ ಈ ಮಾತು ಹಾಕಿ ನೋಡಿ. ರಸಗೊಬ್ಬರ ಬಿಟ್ಟ ಮರುದಿನವೇ ಹೊಲ ಸಾವಯವವಾಗದು. ರಾಗಿಯಂಥ ಬೆಳೆಗೆ ಸಾಮಾನ್ಯವಾಗಿ 2 ವರ್ಷ, ತೋಟದ ಬೆಳೆಗೆ 3 ವರ್ಷ ಕಾಯಬೇಕು.

ಹುರಿಹಿಟ್ಟಿಗೆ ಕಡಲೆ, ಏಲಕ್ಕಿ ಬೆರೆಸುತ್ತೀರಾ? ಆಗ ಲೆಕ್ಕ ಬೇರೆ. ರಾಷ್ಟ್ರೀಯ ಕಾರ್ಯಕ್ರಮದ ಪ್ರಕಾರ, ನೀರು ಮತ್ತು ಉಪ್ಪು ಬಿಟ್ಟು 100ಕ್ಕೆ 95 ಪಾಲಾದರೂ ಪ್ರಮಾಣಿತ ಪದಾರ್ಥವಿದ್ದರೆ 'ಸಾವಯವ'. 70ರಿಂದ 95ರೊಳಗೆ ಇದ್ದರೆ 'ಸಾವಯವ ಪದಾರ್ಥಗಳಿಂದ ಮಾಡಿದ್ದು' ಎನ್ನಬಹುದು. ಅದಕ್ಕೂ ಕಡಿಮೆಯಾದರೆ ಪದಾರ್ಥಗಳ ಪಟ್ಟಿಯಲ್ಲಿ ಮಾತ್ರ ಹೇಳಬೇಕು.

ಹಾಗಾದರೆ ಈಗೇನು ಬರೆಯಬೇಕು? ಇದ್ದದ್ದನ್ನು ಇದ್ದ ಹಾಗೆ: 'ರಾಗಿ ಹುರಿಹಿಟ್ಟು', ಒಳಗಿನ ಪದಾರ್ಥಗಳು, ತೂಕ, ತಯಾರಿಸಿದ ದಿನ, ಎಷ್ಟು ದಿನ ಚೆನ್ನಾಗಿರುತ್ತದೆ, ನಿಮ್ಮ ವಿಳಾಸ. ಮನೆಯಲ್ಲೇ ಮಾಡಿ ಮಾರುವವರಿಗೂ ಪ್ರಾಧಿಕಾರದ ನೋಂದಣಿ ಬೇಕು; ಅದರ 14 ಅಂಕಿಯ ಸಂಖ್ಯೆ ಚೀಟಿಯ ಮೇಲಿರಲಿ. ರುಚಿ ಹಿಡಿಸಿದರೆ ಗಿರಾಕಿಗಳು ಹುಡುಕಿಕೊಂಡು ಬರುತ್ತಾರೆ. ಸುಳ್ಳು ಚೀಟಿ ಒಮ್ಮೆ ಸಿಕ್ಕಿಬಿದ್ದರೆ ನಿಮ್ಮ ಹೆಸರಿನ ಜೊತೆ, ನಿಜವಾಗಿ ಕಷ್ಟಪಟ್ಟ ರೈತನ ಹೆಸರೂ ಕೆಡುತ್ತದೆ.

ಕೊಳ್ಳುವ ಸೋದರಿಯರಿಗೂ ಒಂದು ಮಾತು. 'ನಾಟಿ', 'ಹಳ್ಳಿಯ', 'ಅಪ್ಪಟ' ಎಂಬ ಪದಗಳು ಪ್ರಮಾಣಪತ್ರವಲ್ಲ. ಬೆಲ್ಲ ಕಪ್ಪಗಿದ್ದ ಮಾತ್ರಕ್ಕೆ ಸಾವಯವ ಅಂತ ನಂಬಬೇಡಿ. ಕಾಯಿಸುವಾಗ ಬಿಳುಪಿನ ಪುಡಿ ಹಾಕದಿದ್ದರೂ ಬೆಲ್ಲ ಕಪ್ಪಾಗುತ್ತದೆ. ಕಬ್ಬಿಗೆ ಯೂರಿಯಾ ಸುರಿದಿದ್ದಾರೋ ಇಲ್ಲವೋ, ಬಣ್ಣ ಹೇಳುವುದಿಲ್ಲ. ಪೊಟ್ಟಣ ತಿರುಗಿಸಿ ಗುರುತು ನೋಡಿ. 2025ರ ಜನವರಿಯಲ್ಲಿ ಹೊಸ ಏಕೀಕೃತ ಗುರುತು ಪ್ರಕಟವಾಗಿದೆ. ಹಳೆಯದೂ ಕಣ್ಣಿಗೆ ಬಿದ್ದರೆ ಗಾಬರಿ ಬೇಡ, ಪ್ರಮಾಣಪತ್ರ ಕೊಟ್ಟವರ ಹೆಸರು ಇದೆಯೇ ನೋಡಿ. ಬಿಡಿಯಾಗಿ ಕೊಳ್ಳುವಾಗ ಮೂಟೆಯ ಮೇಲಿನ ಚೀಟಿ ತೋರಿಸಿ ಅಂತ ಕೇಳಿ, ಸಂಕೋಚ ಬೇಡ. ಹೆಚ್ಚು ಹಣ ಕೊಡುವವರಿಗೆ ಕೇಳುವ ಹಕ್ಕೂ ಉಂಟು. ರಸೀದಿ ಮರೆಯದೆ ತನ್ನಿ.