ಕೊಡೆ ಮಡಚುವ ಕೈಗೂ ಹಕ್ಕು ಬೇಕು

2023ನೇ ಇಸವಿ ಜೂನ್ 1ರಂದು ಚಾಮರಾಜನಗರದ ಬಳಿಯ ಭೋಗಾಪುರದಲ್ಲಿ ವಾಯುಪಡೆಯ ಕಿರಣ್ ತರಬೇತಿ ವಿಮಾನವೊಂದು ಬಯಲಿಗೆ ಬಿದ್ದು ನಾಶವಾಯಿತು. ಅದರಲ್ಲಿದ್ದ ಇಬ್ಬರೂ ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡರು. 2019ರ ಫೆಬ್ರವರಿ 1ರಂದು ಬೆಂಗಳೂರಿನ ಎಚ್.ಎ.ಎಲ್. ವಿಮಾನ ನಿಲ್ದಾಣದಲ್ಲಿ ಮಿರಾಜ್ ವಿಮಾನ ಅಪಘಾತಕ್ಕೀಡಾದಾಗಲೂ ಇಬ್ಬರು ಚಾಲಕರು ಹೊರಕ್ಕೆ ಚಿಮ್ಮಿದ್ದರು, ಇಬ್ಬರೂ ಉಳಿಯಲಿಲ್ಲ.

ಮಂಗಳೂರಿನ ಹಂಚಿನ ಕಾರ್ಖಾನೆಯ ಕೆಲಸಗಾರನಿಗೂ ಬಂದರಿನ ಸಣ್ಣ ವರ್ತಕನಿಗೂ ಇದರಿಂದೇನು ಎಂದು ಕೇಳುವವರುಂಟು. ಸಂಬಂಧ ಖಂಡಿತ ಉಂಟು.

ಪ್ಯಾರಾಚೂಟು ತಿಂಗಳುಗಟ್ಟಲೆ ಚೀಲದೊಳಗೆ ಮಡಚಿಕೊಂಡು ಕೂತಿರುತ್ತದೆ. ಬೇಕಾದ ಆ ಒಂದು ಕ್ಷಣದಲ್ಲಿ ಬಿಚ್ಚಿಕೊಳ್ಳದಿದ್ದರೆ ಎರಡನೆಯ ಅವಕಾಶವಿಲ್ಲ. ಬಿಸಿಲು, ತೇವ, ಎಣ್ಣೆಯ ಕಲೆ—ಎಲ್ಲವೂ ಅದರ ಬಟ್ಟೆಗೆ ಶತ್ರು. ಆದುದರಿಂದಲೇ ಅವಧಿ ಮುಗಿಯುತ್ತಲೇ ಅದನ್ನು ಬಿಚ್ಚಬೇಕು, ಹೊಲಿಗೆ ಹೊಲಿಗೆಯನ್ನೂ ನೋಡಬೇಕು, ಮತ್ತೆ ಮಡಚಿ ದಿನಾಂಕ ಬರೆದು ಸಹಿ ಹಾಕಬೇಕು. ವರ್ತಕನ ತೂಕದ ಕಲ್ಲಿಗೆ ಅವಧಿಗೊಮ್ಮೆ ಮುದ್ರೆ ಬೀಳದಿದ್ದರೆ ದಂಡ ವಿಧಿಸುವ ಸರಕಾರ, ಜೀವ ತೂಗುವ ಈ ವಸ್ತುವಿನಲ್ಲಿ ಒಂದು ದಿನದ ಸಡಿಲಿಕೆಯನ್ನೂ ಸಹಿಸಕೂಡದು.

ಆದರೆ ಸಹಿ ಹಾಕುವವನಿಗೆ ಸಹಿ ಹಾಕದಿರುವ ಹಕ್ಕೂ ಬೇಕು. "ಈ ಹೊಲಿಗೆ ಸರಿಯಿಲ್ಲ, ಇದನ್ನು ಕಳಿಸಲಾರೆ" ಎಂದವನ ಮೇಲೆ ಮೇಲಧಿಕಾರಿಯ ಕಣ್ಣು ಕೆಂಪಾದರೆ ನಿಯಮ ಬರಿಯ ಕಾಗದ. ಕಾನ್ಪುರದಲ್ಲಿ 1941ರಿಂದ ಸರಕಾರಿ ಪ್ಯಾರಾಚೂಟು ಕಾರ್ಖಾನೆಯೊಂದಿದೆ. 2021ರ ಅಕ್ಟೋಬರ್ 1ರಂದು ಅದನ್ನು ಕಂಪೆನಿಯ ಕೈಗೆ ಕೊಡಲಾಯಿತು. ಅದೇ ವರ್ಷ ರಕ್ಷಣಾ ಕಾರ್ಖಾನೆಗಳಲ್ಲಿ ಮುಷ್ಕರವನ್ನು ನಿಷೇಧಿಸಲು ಅಧಿಕಾರ ಕೊಡುವ ಕಾಯಿದೆಯೂ ಬಂತು. ಹೊಲಿಯುವವರ ಬಾಯಿ ಕಟ್ಟಿ ಹಾರುವವರ ಪ್ರಾಣ ಕಾಯುವುದು ಹೇಗೆ?

ತಿರುಗುವ ಯಂತ್ರಕ್ಕೆ ಬೇಲಿ ಬೇಕೆಂದು 1948ರ ಕಾರ್ಖಾನೆ ಕಾಯಿದೆ ವಿಧಿಸಿತು. ಬೇಲಿ ತೆಗೆದಿಟ್ಟು ಕೆಲಸ ಮಾಡಿಸಿದಾಗ ಬೆರಳು ಹೋದದ್ದು ಕೆಲಸಗಾರನದು, ಧಣಿಯದಲ್ಲ. ವಿಮಾನದಲ್ಲಿಯೂ ಅಷ್ಟೆ. ಪ್ಯಾರಾಚೂಟು ಕೊನೆಯ ಆಸರೆ, ಮೊದಲನೆಯದಲ್ಲ. ಬೆಂಗಳೂರಿನ ಆ ಇಬ್ಬರು ಹೊರಚಿಮ್ಮಿಯೂ ಉಳಿಯಲಿಲ್ಲವೆಂಬುದು ಅದನ್ನೇ ಹೇಳುತ್ತದೆ. ಯಂತ್ರ ಸರಿಯಿದೆಯೆಂದು ನೆಲದ ಮೇಲೆ ಬೀಳುವ ಪ್ರತಿಯೊಂದು ಸಹಿಯೂ ಅಷ್ಟೇ ಪವಿತ್ರವಾಗಿರಬೇಕು.

ನಮ್ಮ ಬೇಡಿಕೆ ಸರಳ. ಅವಧಿ ಮೀರಿದ ಸಲಕರಣೆ ಯಾರ ಆಜ್ಞೆಯಿಂದಲೂ ಹಾರಕೂಡದು. ತಡೆದು ನಿಲ್ಲಿಸಿದ ಕೆಲಸಗಾರನಿಗೆ ಶಿಕ್ಷೆಯಾಗಕೂಡದು. ಅಪಘಾತದ ವಿಚಾರಣೆಯಲ್ಲಿ ಕಂಡ ಪಾಠ ಹೊಲಿಯುವವರಿಗೆ, ಮಡಚುವವರಿಗೆ, ದುರಸ್ತಿ ಮಾಡುವವರಿಗೆ ತಲಪಬೇಕು. ಸತ್ತ ಮೇಲೆ ಹೂಮಾಲೆ ಹಾಕುವ ಸರಕಾರ, ಬದುಕಿರುವಾಗ ನಿಯಮ ಪಾಲಿಸಲಿ.