ಮಾಂಡೋವಿಯ ದಂಡೆ ಮತ್ತು ಮೆಣಸಿನ ದಾರಿ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಿಂದ ವಾರಾಂತ್ಯದ ಎರಡು ದಿನಗಳಿಗೆಂದು ಹೊರಡುವವರ ಪಟ್ಟಿಯಲ್ಲಿ ಗೋವೆಗೆ ಸ್ಥಾನ ಇದ್ದೇ ಇರುತ್ತದೆ. ಇತಿಹಾಸದ ಆಸಕ್ತಿಯುಳ್ಳವರು ಕಡಲತೀರವನ್ನು ಬಿಟ್ಟು ಮಾಂಡೋವಿ ನದಿಯ ದಂಡೆಯ ಹಳೆಯ ಗೋವೆಗೆ ಹೋಗುತ್ತಾರೆ. ಸೇ ಕೆಥೆಡ್ರಲ್, ಬೋಂ ಜೀಸಸ್ ಇಗರ್ಜಿ, ನದಿಯ ಇಳಿದಾಣದಲ್ಲಿರುವ ವೈಸರಾಯರ ಕಮಾನು ಇವನ್ನು ಕಂಡು, ಪೋರ್ಚುಗೀಸರ ವೈಭವವನ್ನು ಕೊಂಡಾಡಿ ಮರಳುತ್ತಾರೆ. ಆ ವೈಭವದ ಬಂಡವಾಳ ಎಲ್ಲಿಯದು ಎಂಬ ಪ್ರಶ್ನೆ ಮಾತ್ರ ಏಳುವುದಿಲ್ಲ. ಈ ಪ್ರಶ್ನೆಯಿಲ್ಲದ ಪ್ರವಾಸ ಅರ್ಧ ಓದಿದ ಗ್ರಂಥದಂತೆ.

ಅಲ್ಬುಕರ್ಕ್ 1510ರಲ್ಲಿ ಗೋವೆಯನ್ನು ಬಿಜಾಪುರದಿಂದ ಕಸಿದುಕೊಂಡಾಗ ಅವನಿಗೆ ನೆರವಾದವರಲ್ಲಿ ಹೊನ್ನಾವರದ ತಿಮ್ಮೋಜನೂ ಒಬ್ಬ. ಆ ಬಳಿಕ ನಗರವನ್ನು ಪೋಷಿಸಿದ ಸರಕುಗಳಲ್ಲಿ ಮುಖ್ಯವಾದದ್ದು ಕಾಳುಮೆಣಸು. ಘಟ್ಟದ ತಪ್ಪಲಿನ ಮೆಣಸು ಹೊನ್ನಾವರ, ಭಟ್ಕಳ, ಬಸರೂರು, ಮಂಗಳೂರುಗಳ ಮೂಲಕ ಹಡಗನ್ನೇರುತ್ತಿತ್ತು. ಈ ಕರಾವಳಿಯ ಬಹುಭಾಗವನ್ನು ಆಳುತ್ತಿದ್ದವರು ಜೈನ ಅರಸುಮನೆತನಗಳು: ಗೇರುಸೊಪ್ಪೆಯ ಸಾಳುವರು, ಉಳ್ಳಾಲದ ಚೌಟರು, ನಂದಾವರದ ಬಂಗರು. ಸುಬ್ರಹ್ಮಣ್ಯದಿಂದ ಇಳಿಯುವ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ನಂದಾವರವನ್ನು ಹಾದು, ಉಳ್ಳಾಲದ ಬಳಿ ಕಡಲು ಸೇರುತ್ತದೆ. ಪುತ್ತೂರಿನ ಪ್ರವಾಸಿಗೆ ಈ ಚರಿತ್ರೆ ಪರದೇಶದ್ದಲ್ಲ. ಅವನ ಊರಿನ ನೀರು ಹರಿಯುವ ದಾರಿಯಲ್ಲೇ ಅದು ನಡೆದಿದೆ.

ಇದಕ್ಕೆ ಭಾಷೆಯೇ ಸಾಕ್ಷಿ. ಅಮೆರಿಕದ ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂದು ಸ್ಥಳೀಯ ಮೆಣಸಿನ ಹೆಸರನ್ನು ಪಡೆಯಿತು. ದಕ್ಷಿಣ ಕನ್ನಡದಲ್ಲಿ ಹಳೆಯ ಮೆಣಸು ‘ಒಳ್ಳೆಮೆಣಸು’ ಎನಿಸಿಕೊಂಡಿತು. ತುಳುವಿನಲ್ಲಿ ಬರಿಯ ‘ಮುಂಚಿ’ ಎಂದರೆ ಮೆಣಸಿನಕಾಯಿ, ಮನೆಯ ಮೆಣಸು ‘ಎಡ್ಡೆಮುಂಚಿ’. ಬಂದ ಅತಿಥಿ ಹೆಸರನ್ನು ಕೊಂಡೊಯ್ದ. ಮನೆಯವನಿಗೆ ಒಂದು ವಿಶೇಷಣ ಉಳಿಯಿತು. ಬ್ರೆಜಿಲ್ ಮೂಲದ ಗೇರು ಬಂದದ್ದೂ ಅದೇ ಹಡಗಿನಲ್ಲಿ. ಅದರ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಂದು ಪುತ್ತೂರಿನಲ್ಲಿಯೇ ಇದೆ.

ಆದ್ದರಿಂದ ಗೋವೆಯ ದಾರಿಯಲ್ಲಿ ಹೊನ್ನಾವರದಿಂದ ಸುಮಾರು 30 ಕಿ.ಮೀ. ಒಳಸರಿದು, ಶರಾವತಿಯ ದಂಡೆಯ ಗೇರುಸೊಪ್ಪೆಯನ್ನು ನೋಡುವುದು ಅಗತ್ಯ. ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದರೆಂದು ಪ್ರಸಿದ್ಧಳಾದ ಚೆನ್ನಭೈರಾದೇವಿಯ ರಾಜಧಾನಿ ಅದು. ಅಲ್ಲಿಯ ಜೈನ ಶ್ರೇಷ್ಠಿಗಳು ಚೈತ್ಯಾಲಯಗಳನ್ನು ಕಟ್ಟಿಸಿದ್ದನ್ನು ಶಾಸನಗಳು ಹೇಳುತ್ತವೆ. ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಚತುರ್ಮುಖ ಬಸದಿ ಕಾಡಿನ ನಡುವೆ ಇಂದಿಗೂ ನಿಂತಿದೆ. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯೊಡನೆ ಇಕ್ಕೇರಿಗೆ ಹೊರಟ ರೋಮಿನ ಪಿಯೆತ್ರೊ ದೆಲ್ಲಾ ವಾಲೆ ಶರಾವತಿಯಲ್ಲಿ ದೋಣಿಯೇರಿ ಇಲ್ಲಿಗೆ ಬಂದಾಗಲೇ ಈ ನಗರ ಹಾಳುಬಿದ್ದು ಕಾಡು ಬೆಳೆದಿತ್ತು. ಗೋವೆಯಾದರೋ ಆಗಿನ್ನೂ ಜೀವಂತ ರಾಜಧಾನಿ. ಒಂದೇ ಮೆಣಸಿನಿಂದ ಬೆಳೆದ ಎರಡು ನದೀತೀರದ ನಗರಗಳಲ್ಲಿ ಒಂದು 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಇನ್ನೊಂದನ್ನು ನಾಡಿನ ವಿದ್ಯಾರ್ಥಿಗಳೇ ಕಾಣದೆ ಹೋಗುತ್ತಾರೆ.

ಈ ಮರೆವಿಗೆ ಪರಿಹಾರವಾಗಿ ಇತ್ತೀಚೆಗೆ ವೀರಗಾಥೆಗಳು ಹೆಚ್ಚಿವೆ. ಅಬ್ಬಕ್ಕನ ಶೌರ್ಯದ ಸ್ಮರಣೆ ಯುಕ್ತವೇ. ಆದರೆ ಈ ಅರಸುಮನೆತನಗಳ ಚರಿತ್ರೆಯಲ್ಲಿ ಕಾಳಗದಷ್ಟೇ ಕರಾರೂ ಇದೆ, ಕಪ್ಪವೂ ಇದೆ, ಒಳಜಗಳವೂ ಇದೆ. ದೆಲ್ಲಾ ವಾಲೆಯ ಪತ್ರಗಳಲ್ಲಿಯೇ ಉಳ್ಳಾಲದ ರಾಣಿಗೂ ಬಂಗ ಅರಸನಿಗೂ ನಡೆದ ವೈರದ ವಿವರವಿದೆ: ಬಂಗನ ಪಕ್ಷದಲ್ಲಿ ಪೋರ್ಚುಗೀಸರು, ರಾಣಿಯ ಪಕ್ಷದಲ್ಲಿ ಇಕ್ಕೇರಿಯ ವೆಂಕಟಪ್ಪನಾಯಕ. ಶತ್ರು ಯಾರು, ಮಿತ್ರ ಯಾರು ಎಂಬುದನ್ನು ಒಂದೇ ಗೆರೆಯಲ್ಲಿ ಬರೆದು ಮುಗಿಸುವಂತಿಲ್ಲ.

ಎರಡೇ ದಿನಗಳಲ್ಲಿ ಇಷ್ಟೆಲ್ಲ ಸಾಧ್ಯವೇ ಎಂಬ ಆಕ್ಷೇಪ ಸಹಜ. ನೋಡಿ ಮುಗಿಸಲು ಸಾಧ್ಯವಿಲ್ಲ, ಆರಂಭಿಸಲು ಸಾಕು. ಪಣಜಿಯ ದಾಖಲಾತಿ ಭಂಡಾರದಲ್ಲಿ ‘ಮಾನ್ಸೂನ್ ಗ್ರಂಥಗಳು’ ಎಂದು ಕರೆಯಲಾಗುವ ಪೋರ್ಚುಗೀಸ್ ಪತ್ರವ್ಯವಹಾರದ ಸಂಪುಟಗಳಿವೆ. ಬಿ. ಎಸ್. ಶಾಸ್ತ್ರಿಯವರು ಗೋವೆ ಮತ್ತು ಕೆನರಾಗಳ ಸಂಬಂಧವನ್ನು ಕುರಿತು ನಡೆಸಿದ ಅಧ್ಯಯನ ಇಂಥ ಆಕರಗಳ ಬೆಲೆಯನ್ನು ತೋರಿಸಿಕೊಟ್ಟಿದೆ. ಹಳಗನ್ನಡದೊಡನೆ ಪೋರ್ಚುಗೀಸನ್ನೂ ಕಲಿತು, ಬಸದಿಯ ಶಾಸನವನ್ನೂ ಗೋವೆಯ ಪತ್ರವನ್ನೂ ಒಂದೇ ಮೇಜಿನ ಮೇಲಿಟ್ಟು ಓದಬಲ್ಲ ಸಂಶೋಧಕರು ಇನ್ನಷ್ಟು ಬೇಕು. ಅಂದಹಾಗೆ, ಆ ‘ಮೇಜು’ ಎಂಬ ಪದವೂ ಪೋರ್ಚುಗೀಸರ ‘ಮೇಜಾ’ದೊಡನೆ ಬಂಧುತ್ವವುಳ್ಳದ್ದೇ.