ಮೀನಿನ ತೊಟ್ಟಿಗೆ ಕಾವಲು ಯಾವುದು?

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳನ್ನು ಸಾಕುವ ಹವ್ಯಾಸ ಅನೇಕ ವಿದ್ಯಾರ್ಥಿಗಳಿಗೆ ಉಂಟು. ಇಷ್ಟೊಂದು ಉಪಕರಣಗಳ ಹೊರೆಯನ್ನು ಒಂದೇ ಸಾಕೆಟ್ಟು ತಾಳಬಲ್ಲುದೆ ಎಂದು ಅವರು ಕೇಳುವುದುಂಟು. ಪ್ರಶ್ನೆ ಯುಕ್ತವಾದುದೇ. ಆದರೆ ಅದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ. ಅದನ್ನು ಕೇಳುವವರು ವಿರಳ.

ಮೊದಲು ಹೊರೆಯ ಲೆಕ್ಕವನ್ನೇ ನೋಡೋಣ. ತೊಟ್ಟಿಗೆ 100 ವಾಟಿನ ಹೀಟರು, 20 ವಾಟಿನ ದೀಪ, 10 ವಾಟಿನ ಫಿಲ್ಟರು, 5 ವಾಟಿನ ಗಾಳಿಪಂಪು ಇವೆಯೆನ್ನಿ. ಒಟ್ಟು 135 ವಾಟ್. ಇದನ್ನು ನಮ್ಮ ಮನೆಗಳ 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 0.6 ಆಂಪೇರ್ ಬರುತ್ತದೆ. 6 ಆಂಪೇರಿನ ಸಾಕೆಟ್ಟಿಗೆ ಇದು ಹತ್ತರಲ್ಲೊಂದು ಪಾಲು ಮಾತ್ರ. ಅದೇ ಬೋರ್ಡಿಗೆ 1500 ವಾಟಿನ ಕೆಟಲನ್ನೋ ಇಸ್ತ್ರಿಪೆಟ್ಟಿಗೆಯನ್ನೋ ಜೋಡಿಸದಿದ್ದರೆ ಹೊರೆಯ ಭಯಕ್ಕೆ ಕಾರಣವಿಲ್ಲ.

ಹಾಗಾದರೆ ಅಪಾಯವೆಲ್ಲಿ? ಹೀಟರಿನ ಗಾಜು ಬಿರಿದರೆ, ಅಥವಾ ಪಂಪಿನ ತಂತಿಯ ಹೊದಿಕೆ ಸವೆದರೆ, ನೀರಿಗೆ ವಿದ್ಯುತ್ತು ಸೋರುತ್ತದೆ. ಆಗ ಬರಿಗಾಲಿನಲ್ಲಿ ನಿಂತು ನೀರಿಗೆ ಕೈಯಿಟ್ಟವನ ದೇಹವೇ ಭೂಮಿಗೆ ದಾರಿಯಾಗುತ್ತದೆ. ಒದ್ದೆಯಾದ ದೇಹದ ರೋಧವನ್ನು 1000 ಓಮ್ ಎಂದಿಟ್ಟುಕೊಂಡರೆ 230 ಮಿಲಿಆಂಪೇರ್ ಹರಿಯಬಲ್ಲುದು. ಸುಮಾರು 10 ಮಿಲಿಆಂಪೇರಿಗೇ ಕೈಯ ಸ್ನಾಯುಗಳು ಬಿಗಿದುಕೊಳ್ಳುತ್ತವೆ. 100 ಮಿಲಿಆಂಪೇರ್ ಒಂದೆರಡು ಸೆಕೆಂಡು ಎದೆಯ ಮೂಲಕ ಹರಿದರೆ ಹೃದಯದ ಬಡಿತ ಕೆಟ್ಟು ಪ್ರಾಣಹಾನಿಯಾಗಬಹುದು.

ಫ್ಯೂಸಾಗಲಿ ಎಂ.ಸಿ.ಬಿ.ಯಾಗಲಿ ಇದನ್ನು ತಡೆಯಲಾರದು. 6 ಆಂಪೇರಿನ ಎಂ.ಸಿ.ಬಿ.ಯ ಪಾಲಿಗೆ 230 ಮಿಲಿಆಂಪೇರ್ ಎಂದರೆ ಇನ್ನೊಂದು ದೀಪ ಹೊತ್ತಿದಂತೆ. ಅದು ಕಾಯುವುದು ಗೋಡೆಯೊಳಗಿನ ತಂತಿಯನ್ನು, ಮನುಷ್ಯನನ್ನಲ್ಲ.

ಮನುಷ್ಯನನ್ನು ಕಾಯುವ ಸಾಧನ ಆರ್.ಸಿ.ಸಿ.ಬಿ. ಇದರಲ್ಲಿ ಹೋಗುವ ತಂತಿಯೂ ಬರುವ ತಂತಿಯೂ ಒಂದೇ ಕಬ್ಬಿಣದ ಬಳೆಯ ಮೂಲಕ ಹಾಯುತ್ತವೆ. ಹೋದಷ್ಟೇ ಪ್ರವಾಹ ಹಿಂದಿರುಗಿದರೆ ಅವುಗಳ ಕಾಂತಪ್ರಭಾವಗಳು ಒಂದನ್ನೊಂದು ಅಳಿಸುತ್ತವೆ. ಸ್ವಲ್ಪ ಪ್ರವಾಹ ದೇಹದ ಮೂಲಕ ಭೂಮಿಗೆ ಹರಿದುಹೋದರೆ ಸಮತೋಲ ತಪ್ಪಿ, ಬಳೆಗೆ ಸುತ್ತಿದ ಮೂರನೆಯ ಸುರುಳಿಯಲ್ಲಿ ವಿದ್ಯುತ್ತು ಹುಟ್ಟಿ ಸ್ವಿಚ್ಚನ್ನು ಬೀಳಿಸುತ್ತದೆ. ಮನೆಗೆ ತಕ್ಕುದು 30 ಮಿಲಿಆಂಪೇರಿನದು. ಎಂದರೆ 6 ಆಂಪೇರಿನ ಇನ್ನೂರನೆಯ ಒಂದು ಪಾಲು.

ಇದು ಆಗಾಗ ಬಿದ್ದು, ಗಾಳಿಪಂಪು ನಿಂತು ಮೀನುಗಳು ಸಾಯುತ್ತವೆಂದು ಕೆಲವರ ಆಕ್ಷೇಪ. ಅದು ಪೂರ್ಣ ಅಸತ್ಯವಲ್ಲ. ಆದರೆ ಪದೇ ಪದೇ ಬೀಳುವ ಸ್ವಿಚ್ಚು ಎಲ್ಲಿಯೋ ಸೋರಿಕೆಯಿದೆಯೆಂದು ಹೇಳುತ್ತಿರುತ್ತದೆ. ದೂತನನ್ನು ಹೊರಗಟ್ಟಿದರೆ ಸುದ್ದಿ ಸುಳ್ಳಾಗದು. ಮೀನುಗಳಿಗಾಗಿ ಬ್ಯಾಟರಿಯಿಂದ ನಡೆಯುವ ಚಿಕ್ಕ ಗಾಳಿಪಂಪೊಂದನ್ನು ಇರಿಸಿಕೊಳ್ಳಬಹುದು.

ಈ ಸಾಧನವಿದ್ದರೂ ಎಚ್ಚರ ಬೇಕು. ನೀರಿಗೆ ಕೈಯಿಡುವ ಮೊದಲು ಎಲ್ಲ ಪ್ಲಗ್ಗುಗಳನ್ನೂ ಕಿತ್ತಿಡಿ. ನೀರಿನಿಂದ ಹೊರಬಿದ್ದ ಹೀಟರು ಅತಿಯಾಗಿ ಕಾದು ಒಡೆಯುವುದರಿಂದ, ನೀರು ಬದಲಿಸುವಾಗ ಅದನ್ನು ಮರೆಯಬೇಡಿ. ತಂತಿಯು ಸಾಕೆಟ್ಟಿಗಿಂತ ಕೆಳಗೆ ಬಾಗಿ ಮತ್ತೆ ಮೇಲೇರುವಂತಿರಲಿ. ಅದರ ಮೇಲೆ ಹರಿದ ನೀರು ಆ ಬಾಗಿನಲ್ಲಿಯೇ ತೊಟ್ಟಿಕ್ಕುವುದು. ತಿಂಗಳಿಗೊಮ್ಮೆ ಆರ್.ಸಿ.ಸಿ.ಬಿ.ಯ ಪರೀಕ್ಷಾ ಗುಂಡಿಯನ್ನು ಒತ್ತಿ ನೋಡಿ.

ಮೀನಿಗೂ ಗಾಜಿಗೂ ಸಾವಿರಾರು ರೂಪಾಯಿ ವೆಚ್ಚಮಾಡುವವರು ಈ ಒಂದು ಸಾಧನಕ್ಕೆ ಕೈ ಹಿಡಿಯುವುದು ವಿವೇಕವಲ್ಲ. ಮನೆಯ ಬೋರ್ಡಿನಲ್ಲಿ ಅದು ಇದೆಯೆ ಎಂದು ಇಂದೇ ನೋಡಿರಿ. ಇಲ್ಲದಿದ್ದರೆ ಹಿರಿಯರಿಗೆ ತಿಳಿಸಿ, ಬಲ್ಲ ಎಲೆಕ್ಟ್ರಿಷಿಯನ್ನರಿಂದ ಹಾಕಿಸಿರಿ. ಮೀನು ಆಮೇಲೆ ಬರಲಿ.